ಗ್ಯಾರೇಜಿನ ಸದ್ದು ವೇದಿಕೆ ತಲುಪುವ ದಾರಿ

ಗೆಳೆಯರೇ,

1963ರ ಏಪ್ರಿಲ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನ ಒಂದು ಸ್ಟುಡಿಯೋದಲ್ಲಿ ‘ದಿ ಕಿಂಗ್ಸ್‌ಮೆನ್’ ಎಂಬ ರಾಕ್ ಬ್ಯಾಂಡಿನ ಹುಡುಗರು ‘ಲೂಯಿ ಲೂಯಿ’ ಹಾಡನ್ನು ಧ್ವನಿಮುದ್ರಿಸಿದರು. ಮೈಕು ತಲೆಗಿಂತ ಎತ್ತರದಲ್ಲಿತ್ತು. ಗಾಯಕ ಕತ್ತೆತ್ತಿ ಕೂಗಬೇಕಾಯಿತು. ಗಿಟಾರ್ ಸೋಲೋ ಮುಗಿದ ಮೇಲೆ ಆತ ಆತುರದಲ್ಲಿ ಮೊದಲೇ ದನಿ ತೆಗೆದು, ತಪ್ಪು ತಿಳಿದು ತಡೆದುಕೊಂಡ. ಡ್ರಮ್ಮರ್ ತಟ್ಟನೆ ಒಂದು ಫಿಲ್ (ತುಂಡು ಉರುಳಿಕೆ) ಬಾರಿಸಿ ಆ ಖಾಲಿ ಜಾಗ ಮುಚ್ಚಿದ. ಆ ತಪ್ಪು ಇವತ್ತಿಗೂ ರೆಕಾರ್ಡಿನಲ್ಲಿದೆ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 2ನೇ ಸ್ಥಾನಕ್ಕೇರಿತು.

ಇದನ್ನು ಕೇಳಿ ಎಳೆಯ ಬ್ಯಾಂಡುಗಳು ಒರಟಾಗಿ ನುಡಿಸಿದರೆ ಸಾಕು ಎಂದುಕೊಳ್ಳುತ್ತವೆ. ಆ ಡ್ರಮ್ಮರ್ ತಡವರಿಸಿದ್ದರೆ ಹಾಡು ಅಲ್ಲೇ ಕುಸಿಯುತ್ತಿತ್ತು ಎಂಬುದನ್ನು ಮರೆಯುತ್ತವೆ.

ಹಾಗಾಗಿ ಅಭ್ಯಾಸದ ಕೋಣೆಯಿಂದಲೇ ಶುರು ಮಾಡೋಣ. ಅಲ್ಲಿ ವಾಲ್ಯೂಮ್ ಗುಂಡಿ ಇಲ್ಲದ ವಾದ್ಯ ಡ್ರಮ್ ಒಂದೇ. ಮೊದಲು ಹಾಡುವ ದನಿಯನ್ನು ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಏಳುವ ಕೀರಲು) ಬಾರದಷ್ಟು ಏರಿಸಿ. ಡ್ರಮ್ಮರ್ ಅದನ್ನು ಮುಳುಗಿಸದಂತೆ ಬಾರಿಸಲಿ. ಬೇಸ್, ಗಿಟಾರ್ ಆಮೇಲೆ. ಸಾಮಾನ್ಯವಾಗಿ ಇದು ತಲೆಕೆಳಗಾಗುತ್ತದೆ: ಗಿಟಾರ್ ಏರುತ್ತದೆ, ಡ್ರಮ್ಮರ್ ಜೋರಾಗುತ್ತಾನೆ, ಗಾಯಕನ ಗಂಟಲು ಹರಿಯುತ್ತದೆ.

ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ, ಅಂದರೆ ಆಂಪ್, ನೆಲದ ಮೇಲಿದ್ದರೆ ಅದರ ಚೂಪು ಸ್ವರಗಳು ನುಡಿಸುವವನ ಮೊಣಕಾಲಿಗೆ ಬಡಿದು ನೇರ ಮುಂದಕ್ಕೆ ಹೋಗುತ್ತವೆ. ಕಿವಿಗೆ ಮಂಕಾಗಿ ಕೇಳುವುದರಿಂದ ಆತ ಟ್ರೆಬಲ್ (ಚೂಪು ಸ್ವರ) ಹೆಚ್ಚಿಸುತ್ತಾನೆ. ಎದುರು ಕೂತವರ ಕಿವಿ ಸೀಳುತ್ತದೆ. ಆಂಪನ್ನು ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. ಸದ್ದನ್ನು ಒರಟಾಗಿಸುವ ಗೇನ್ ಗುಂಡಿಯನ್ನೂ ಒಬ್ಬರೇ ನುಡಿಸುವಾಗ ಇಟ್ಟದ್ದಕ್ಕಿಂತ ಇಳಿಸಿ. ಹೆಚ್ಚಾದರೆ ತಂತಿ ಮೀಟಿದ ಏಟೇ ಕೇಳಿಸದೆ ಬರೀ ಗುಂಯ್‌ಗುಟ್ಟುತ್ತದೆ.

ಇನ್ನು ಧ್ವನಿಮುದ್ರಣ. ‘ದಿ ಸ್ಟ್ರೋಕ್ಸ್’ ಬ್ಯಾಂಡ್ ತನ್ನ 2001ರ ಮೊದಲ ಆಲ್ಬಂ ಅನ್ನು ನ್ಯೂಯಾರ್ಕಿನ ಒಂದು ನೆಲಮಾಳಿಗೆ ಸ್ಟುಡಿಯೋದಲ್ಲಿ, ಗಾಯಕನ ದನಿಯನ್ನು ಅಭ್ಯಾಸದ ಪುಟ್ಟ ಆಂಪ್ ಮೂಲಕ ಹಾಯಿಸಿ ಮುದ್ರಿಸಿತು. ನಿಮಗೂ ದೊಡ್ಡ ಸಲಕರಣೆ ಬೇಕಿಲ್ಲ. ಡ್ರಮ್ಮಿಗೆ 3 ಮೈಕು ಸಾಕು: ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮುಂದೆ ಒಂದು, ಚಟ್ ಎನ್ನುವ ಸ್ನೇರ್ ಡ್ರಮ್‌ನಿಂದ ಸುಮಾರು 1 ಮೀಟರ್ ಮೇಲೆ ಒಂದು, ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್ ಡ್ರಮ್ ಪಕ್ಕದಲ್ಲಿ ಒಂದು. ಸ್ನೇರ್ ನಡುವಿಗೆ ದಾರದ ಒಂದು ತುದಿ ಒತ್ತಿಹಿಡಿದು, ಕೊನೆಯ ಎರಡು ಮೈಕುಗಳಿಗೂ ಅಳತೆ ಒಂದೇ ಬರುವಂತೆ ಸರಿಸಿ. ಸದ್ದು 34 ಸೆಂಟಿಮೀಟರ್ ಸಾಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಅಳತೆ ತಪ್ಪಿದರೆ ಎರಡು ಮೈಕುಗಳ ಅಲೆಗಳು ಒಂದನ್ನೊಂದು ತಿಂದು ಸ್ನೇರ್ ಟೊಳ್ಳಾಗುತ್ತದೆ. ಆಮೇಲೆ ಸ್ವರಗಳ ಏರಿಳಿತ ತಿದ್ದುವ ಈಕ್ವಲೈಸರ್‌ನಲ್ಲಿ ಎಷ್ಟು ತಿರುಚಿದರೂ ಅದು ಮರಳಿ ಬಾರದು.

ವೇದಿಕೆಯಲ್ಲಿ ಅರ್ಧ ಗಂಟೆ ಸಿಕ್ಕರೆ 25 ನಿಮಿಷದ ಹಾಡು ಸಿದ್ಧಪಡಿಸಿ; ಶ್ರುತಿ ಮಾಡಿಕೊಳ್ಳಲು, ಕೇಬಲ್ ಬದಲಿಸಲು ಉಳಿದದ್ದು ಬೇಕೇ ಬೇಕು. ಹೊಸ ತಂತಿ ಹಿಂದಿನ ದಿನವೇ ಹಾಕಿ, ಚೆನ್ನಾಗಿ ಎಳೆದು ಬಿಡಿ. ಅಂದೇ ಹಾಕಿದರೆ ಪ್ರತಿ ಹಾಡಿಗೂ ಶ್ರುತಿ ಇಳಿಯುತ್ತದೆ.

ಗಾಯಕರಿಗೆ ಒಂದು ಮಾತು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಹಿಂಬದಿಯ ಸದ್ದನ್ನು ತಡೆಯಲೆಂದೇ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿನ ಜಾಲರಿಯೊಳಗೆ ಕಿಂಡಿಗಳಿರುತ್ತವೆ. ಅವು ಮುಚ್ಚಿಹೋದರೆ ಮೈಕು ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯತೊಡಗಿ, ಮಾನಿಟರ್ (ಹಾಡುವವರತ್ತ ತಿರುಗಿರುವ ವೇದಿಕೆಯ ಸ್ಪೀಕರ್) ಕೂಗಿಕೊಳ್ಳುತ್ತದೆ. ಬೆರಳು ಹಿಡಿಯ ಮೇಲಿರಲಿ. ಮಾನಿಟರ್ ಮೈಕಿನ ಬೆನ್ನಿಗೆ ನೇರವಾಗಿರಲಿ.