ನಿಮ್ಮ ಟೀಮ್ ಯಾವುದು?

ಕೇಳುಗರೆಲ್ಲರಿಗೂ ನಮಸ್ಕಾರ.

ತುಂಬಾ ವರ್ಷ ನನಗೆ ಆಸ್ಟ್ರೇಲಿಯಾ ಅಂದರೆ ಕ್ರಿಕೆಟ್ ಒಂದೇ ಆಗಿತ್ತು. ಅದೂ ರೇಡಿಯೊದಲ್ಲಿ ಕೇಳಿದ ಕ್ರಿಕೆಟ್. 1977ರ ಡಿಸೆಂಬರ್ ಕೊನೆ, ಒಳ್ಳೇ ಚಳಿ. ಅಪ್ಪ ಬೆಳಗಿನ ಜಾವ ಎದ್ದು ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸುತ್ತಿದ್ದರು. ಗರಗರ ಸದ್ದಿನ ನಡುವೆ ಮೆಲ್ಬರ್ನ್ ಒಂದು ಗಳಿಗೆ ಹತ್ತಿರ ಬರುತ್ತಿತ್ತು, ಮರುಗಳಿಗೆ ದೂರ ಹೋಗುತ್ತಿತ್ತು. ನಮ್ಮ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಆ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ 52 ರನ್ನಿಗೆ 6 ವಿಕೆಟ್ ತೆಗೆದರು. ಎರಡನೇ ಇನಿಂಗ್ಸಿನಲ್ಲೂ 52 ರನ್ನಿಗೆ 6 ವಿಕೆಟ್! ಭಾರತ 222 ರನ್ನಿನಿಂದ ಗೆದ್ದಿತು. ಆಸ್ಟ್ರೇಲಿಯಾದ ನೆಲದಲ್ಲಿ ನಮಗೆ ಸಿಕ್ಕ ಮೊದಲ ಟೆಸ್ಟ್ ಗೆಲುವು ಅದು. ಅವತ್ತು ಅಪ್ಪ ಹಾಲಿನವನನ್ನೂ ನಿಲ್ಲಿಸಿ ಸುದ್ದಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಆ ಕಾಮೆಂಟ್ರಿಯ ಹಿಂದೆ ಒಂದು ಸದ್ದು ಇರುತ್ತಿತ್ತು. ಜನರ ಸದ್ದು. ಸಮುದ್ರದ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅವರೆಲ್ಲ ಯಾರು, ಮನೆಗೆ ಹೋಗಿ ಏನು ಮಾತಾಡಿಕೊಳ್ಳುತ್ತಾರೆ ಎಂದು ಹುಡುಗನಾಗಿದ್ದಾಗ ಯೋಚಿಸುತ್ತಿದ್ದೆ. ಉತ್ತರ ಸಿಗೋದಕ್ಕೆ ನಾನು ಅಜ್ಜನಾಗಬೇಕಾಯಿತು.

ಮಗಳು ಈಗ ಮೆಲ್ಬರ್ನ್ ನಗರದ ಪಶ್ಚಿಮ ಭಾಗದಲ್ಲಿದ್ದಾಳೆ. ಮೊದಲ ಸಲ ಅಲ್ಲಿಗೆ ಹೋದ ವಾರವೇ ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ಮಾತಾಡಿಸಿದರು. ಎಂಬತ್ತು ದಾಟಿದವರು. ಯಾವ ಊರು, ಮಕ್ಕಳೆಷ್ಟು ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. 'ನೀವು ಯಾರಿಗೆ ಬ್ಯಾರಕ್ ಮಾಡ್ತೀರಿ?'

ನನಗೆ ಅರ್ಥವಾಗಲಿಲ್ಲ. ಇಂಗ್ಲೆಂಡಿನಲ್ಲಿ ಬ್ಯಾರಕ್ ಅಂದರೆ ಆಟಗಾರರನ್ನು ಕೂಗಿ ಹಂಗಿಸುವುದು. ಆಸ್ಟ್ರೇಲಿಯಾದಲ್ಲಿ ಅದೇ ಮಾತಿನ ಅರ್ಥ ತಿರುಗಿದೆ. ಅಲ್ಲಿ ಬ್ಯಾರಕ್ ಮಾಡುವುದೆಂದರೆ ಒಂದು ತಂಡದ ಪರ ನಿಲ್ಲುವುದು, ಅದಕ್ಕಾಗಿ ಗಂಟಲು ಹರಿದುಕೊಳ್ಳುವುದು. ಅಜ್ಜಿ ಕೇಳಿದ್ದು ಕ್ರಿಕೆಟ್ ತಂಡದ ಬಗ್ಗೆಯೂ ಅಲ್ಲ. ಫುಟಿ ಬಗ್ಗೆ.

ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ನಾವು ಕಂಡ ಫುಟ್‌ಬಾಲ್‌ಗೂ ಅದಕ್ಕೂ ಹೋಲಿಕೆ ಕಡಿಮೆ. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ಟಿನ ದೊಡ್ಡ ಮೈದಾನ, ಒಂದೊಂದು ಕಡೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದಲ್ಲಿ ಹೋದರೆ 1 ಅಂಕ. ಹಾಗಾಗಿ ಗುರಿ ಸ್ವಲ್ಪ ತಪ್ಪಿದವನಿಗೂ ಏನಾದರೊಂದು ಸಿಗುತ್ತದೆ. ಅದು ನನಗೆ ತುಂಬಾ ಹಿಡಿಸಿತು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಬೇಕು ಅಂತ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದರು. ಮರುವರ್ಷ ಮೆಲ್ಬರ್ನ್‌ನಲ್ಲಿ ನಿಯಮಗಳಾದವು. ಚಂದ್ರಶೇಖರ್ ಬೌಲ್ ಮಾಡಿದ ಎಂಸಿಜಿ ಮೈದಾನದಲ್ಲೇ ಮಾರ್ಚಿನಿಂದ ಸೆಪ್ಟೆಂಬರ್ ತನಕ ಫುಟಿ ನಡೆಯುತ್ತದೆ. ಆ ಒಂದೇ ನಗರದಲ್ಲಿ ಮೇಲ್ದರ್ಜೆಯ ಕ್ಲಬ್ಬುಗಳು ಒಂಬತ್ತಿವೆ!

ಈ ಕ್ಲಬ್ಬುಗಳು ಹುಟ್ಟಿದ್ದು ಬಡಾವಣೆಗಳಲ್ಲಿ. ಕಾಲಿಂಗ್‌ವುಡ್, ರಿಚ್ಮಂಡ್, ಕಾರ್ಲ್‌ಟನ್ ಎಲ್ಲವೂ ಮೊದಲು ಕೇರಿಗಳ ಹೆಸರು. ತಂಡವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಮನೆದೇವರ ಹಾಗೆ ಅಪ್ಪನಿಂದ, ಅಜ್ಜನಿಂದ ಬರುತ್ತದೆ. ಮದುವೆಯಾಗಿ ಬೇರೆ ತಂಡದ ಮನೆಗೆ ಹೋದವಳು ತವರಿನ ತಂಡ ಬಿಡುವುದಿಲ್ಲ. ಮಕ್ಕಳು ಯಾರ ಕಡೆ ಅನ್ನೋದು ಆಮೇಲೆ ನಡೆಯುವ ದೊಡ್ಡ ಮಾತುಕತೆ.

ಪಕ್ಕದ ಮನೆಯ ಅಜ್ಜಿ ಫುಟ್ಸ್‌ಕ್ರೇಯವರು. ನಗರದ ಪಶ್ಚಿಮಕ್ಕಿರುವ ಕೂಲಿಕಾರರ ಜಾಗ ಅದು. ಹಗ್ಗದ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ, ಮಾಂಸದ ಕಾರ್ಖಾನೆ ಇದ್ದ ಕಡೆ. ತಂಡದ ಹೆಸರು ಬುಲ್‌ಡಾಗ್ಸ್. 1954ರಲ್ಲಿ ಫುಟ್ಸ್‌ಕ್ರೇ ಮೊದಲ ಸಲ ಕಪ್ ಗೆದ್ದಾಗ ಅಜ್ಜಿ ಅಪ್ಪನ ಜೊತೆ ಅಲ್ಲೇ ಇದ್ದರಂತೆ. ಆಗ ಶಾಲೆಗೆ ಹೋಗುವ ಹುಡುಗಿ. ಇನ್ನು ಮೇಲೆ ವರ್ಷಾ ವರ್ಷಾ ಹೀಗೇ ಇರುತ್ತದೆ ಅಂದುಕೊಂಡಿದ್ದರಂತೆ.

ಆಮೇಲಿನ ಕಥೆಯನ್ನು ಅವರು ನನಗೆ ಒಂದೇ ದಿನ ಹೇಳಲಿಲ್ಲ. ಬೇಲಿಯ ಹತ್ತಿರ ಸ್ವಲ್ಪ ಸ್ವಲ್ಪವಾಗಿ ಹೇಳಿದರು.

1989ರ ಅಕ್ಟೋಬರ್. ಕ್ಲಬ್ಬಿಗೆ ಸಾಲ ಜಾಸ್ತಿಯಾಗಿತ್ತು. ಫುಟ್ಸ್‌ಕ್ರೇಯನ್ನು ಫಿಟ್ಜ್‌ರಾಯ್ ಕ್ಲಬ್ಬಿನ ಜೊತೆ ಸೇರಿಸಿಬಿಡುತ್ತೇವೆ ಎಂದು ಲೀಗಿನವರು ಪ್ರಕಟಿಸಿದರು. ಆಡುವವರನ್ನೂ ಕೇಳಲಿಲ್ಲ, ನೋಡುವವರನ್ನೂ ಕೇಳಲಿಲ್ಲ. ಆಗ ಎದ್ದವರು ಅಭಿಮಾನಿಗಳು. ಪೀಟರ್ ಗಾರ್ಡನ್ ಎಂಬ ವಕೀಲರು ಮುಂದೆ ನಿಂತರು. ಅಭಿಮಾನಿ ಹೆಂಗಸೊಬ್ಬರು ಆ ರಾಜ್ಯದ ಸುಪ್ರೀಂ ಕೋರ್ಟಿಗೇ ಹೋದರು. ಕೋರ್ಟು ಸ್ವಲ್ಪ ದಿನ ತಡೆ ಕೊಟ್ಟಿತು. ಅಷ್ಟರಲ್ಲಿ ಸಾಲ ತೀರಿಸೋದಕ್ಕೆ ದುಡ್ಡು ಹುಟ್ಟಬೇಕು. ಲಕ್ಷಗಟ್ಟಲೆ ಡಾಲರ್!

ನಮ್ಮಲ್ಲಿ ಊರಹಬ್ಬಕ್ಕೆ ಪಟ್ಟಿ ಎತ್ತುತ್ತಾರಲ್ಲ, ಹಾಗೇ ಎತ್ತಿದರು. ಮನೆ ಮನೆಗೆ ಹೋದರು. ಸಿಗ್ನಲ್ಲಿನಲ್ಲಿ ಕಾರು ನಿಂತರೆ ಡಬ್ಬಿ ಕುಲುಕಿದರು. ಅಜ್ಜಿಯೂ ಅವರ ಯಜಮಾನರೂ ಸಂಜೆ ಕೆಲಸ ಮುಗಿಸಿ ಒಂದೊಂದು ಡಬ್ಬಿ ಹಿಡಿದು ಹೋಗುತ್ತಿದ್ದರಂತೆ. ಒಬ್ಬ ಹುಡುಗ ತನ್ನ ಕೂಡಿಟ್ಟ ಚಿಲ್ಲರೆಯನ್ನೆಲ್ಲ ಕಾಲುಚೀಲದಲ್ಲಿ ತಂದು ಸುರಿದನಂತೆ. ಅದನ್ನು ಹೇಳುವಾಗ ಅಜ್ಜಿ ಬೊಗಸೆ ಒಡ್ಡಿ ತೋರಿಸಿದರು. ದುಡ್ಡು ಸೇರಿತು. ಕ್ಲಬ್ಬು ಉಳಿಯಿತು.

ನಾನು ಸುಮ್ನೆ ಕೇಳಿದೆ, 'ಫಿಟ್ಜ್‌ರಾಯ್ ಏನಾಯ್ತು?' ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫಿಟ್ಜ್‌ರಾಯ್ ಉಳಿಯಲಿಲ್ಲ. ಆ ಲೀಗಿನಲ್ಲಿ ಅದರ ಕೊನೆಯ ಪಂದ್ಯ 1996ರಲ್ಲಿ, ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದ ಪರ್ತ್‌ನಲ್ಲಿ ನಡೆಯಿತು. ಆಮೇಲೆ ಅದನ್ನು ಬ್ರಿಸ್ಬೇನ್ ತಂಡದ ಜೊತೆ ಸೇರಿಸಿದರು. ಹೊಸ ತಂಡ 2001, 2002, 2003 ಮೂರೂ ವರ್ಷ ಕಪ್ ಗೆದ್ದಿತು. ಫಿಟ್ಜ್‌ರಾಯ್‌ನವರಲ್ಲಿ ಕೆಲವರು ಹೊಸ ತಂಡವನ್ನು ಒಪ್ಪಿಕೊಂಡು ಕುಣಿದರು. ಇನ್ನು ಕೆಲವರು ಇವತ್ತಿಗೂ ಆ ಕಡೆ ತಿರುಗಿ ನೋಡುವುದಿಲ್ಲ. ನಾನಾಗಿದ್ದರೆ ಯಾವ ಕಡೆ ಇರುತ್ತಿದ್ದೆ? ಎರಡನೆಯ ಕಡೆಯೇ ಅನ್ನಿಸುತ್ತದೆ. ಹೆಸರೂ ಬೀದಿಯೂ ಹೋದ ಮೇಲೆ ಕಪ್ ತಗೊಂಡು ಏನು ಮಾಡಲಿ? 2009ರಲ್ಲಿ ಫಿಟ್ಜ್‌ರಾಯ್ ಮತ್ತೆ ಹವ್ಯಾಸಿಗಳ ಲೀಗಿನಲ್ಲಿ, ದೊಡ್ಡ ಸುದ್ದಿಯಿಲ್ಲದೆ, ಆಡೋದಕ್ಕೆ ಶುರುಮಾಡಿತು ಎಂದು ತಿಳಿದಾಗ ನನಗೇ ಖುಷಿಯಾಯಿತು.

ಇನ್ನೊಂದು ವಿಷಯ ನಾನು ಹೇಳಲೇಬೇಕು. ಈ ಕೂಗಿಗೆ ಕೆಟ್ಟ ಮುಖವೂ ಇದೆ.

ಸಿಡ್ನಿ ಮೈದಾನದಲ್ಲಿ ಒಬ್ಬ ಪ್ರೇಕ್ಷಕನ ಪ್ರತಿಮೆಯಿದೆ. ಆಟಗಾರನದ್ದಲ್ಲ, ಪ್ರೇಕ್ಷಕನದ್ದು. ಜನ ಅವನನ್ನು ಯಾಬ್ಬಾ ಅನ್ನುತ್ತಿದ್ದರು. ಬೀದಿಯಲ್ಲಿ ಮೊಲದ ಮಾಂಸ ಮಾರುತ್ತಿದ್ದವನು. ಸುಮಾರು ನೂರು ವರ್ಷದ ಹಿಂದೆ ಅಲ್ಲಿನ ಹುಲ್ಲಿನ ದಿಬ್ಬದ ಮೇಲೆ ಕೂತು, ಇಡೀ ಮೈದಾನಕ್ಕೆ ಕೇಳುವಂತೆ ಮಾತು ಎಸೆಯುತ್ತಿದ್ದ. ಅವನ ಮಾತಿಗೆ ಎದುರಾಳಿಗಳೂ ನಗುತ್ತಿದ್ದರಂತೆ. ಕೂಗು ಹಾಗಿದ್ದರೆ ಚೆನ್ನ.

ಆದರೆ ಯಾವಾಗಲೂ ಹಾಗಿರಲಿಲ್ಲ. 1993ರ ಏಪ್ರಿಲ್‌ನಲ್ಲಿ ಸೇಂಟ್ ಕಿಲ್ಡಾದ ನಿಕಿ ವಿನ್‌ಮಾರ್ ಎಂಬ ಮೂಲನಿವಾಸಿ ಆಟಗಾರನನ್ನು ಕಾಲಿಂಗ್‌ವುಡ್‌ನ ಜನ ದಿನವಿಡೀ ಬಣ್ಣ ಹಿಡಿದು ಬೈದರು. ಆದರೂ ವಿನ್‌ಮಾರ್ ಅವರ ತಂಡವೇ ಗೆದ್ದಿತು. ಪಂದ್ಯ ಮುಗಿದ ಮೇಲೆ ವಿನ್‌ಮಾರ್ ಜನರ ಕಡೆ ತಿರುಗಿ, ಅಂಗಿ ಎತ್ತಿ, ತನ್ನ ಕಪ್ಪು ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. ಆ ಫೋಟೊ ನೋಡಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. 2015ರಲ್ಲಿ ಆಡಂ ಗುಡ್ಸ್ ಎಂಬ ಮತ್ತೊಬ್ಬ ಮೂಲನಿವಾಸಿ ಆಟಗಾರನಿಗೆ ವಾರ ವಾರವೂ, ಊರೂರಿನಲ್ಲೂ ಕೂಗು ಹಾಕಿದರು. ಲೀಗಿನ ದೊಡ್ಡ ಪದಕವಾದ ಬ್ರೌನ್‌ಲೋವನ್ನು ಎರಡು ಸಲ ಪಡೆದವರು, ಹಿಂದಿನ ವರ್ಷವಷ್ಟೇ 'ವರ್ಷದ ಆಸ್ಟ್ರೇಲಿಯನ್' ಆದವರು. ಅದೇ ವರ್ಷ ಆಟ ಬಿಟ್ಟರು. ಲೀಗು ಮತ್ತು 18 ಕ್ಲಬ್ಬುಗಳು ಕ್ಷಮೆ ಕೇಳಿದ್ದು 2019ರಲ್ಲಿ. ನಾಲ್ಕು ವರ್ಷ ತಡ. 2021ರಲ್ಲಿ ಸಿಡ್ನಿ ಟೆಸ್ಟಿನಲ್ಲಿ ನಮ್ಮ ಮೊಹಮ್ಮದ್ ಸಿರಾಜ್ ಪ್ರೇಕ್ಷಕರ ಬೈಗುಳ ಕೇಳಿ ಆಟ ನಿಲ್ಲಿಸಿ ಅಂಪೈರ್ ಹತ್ತಿರ ಹೋಗಿದ್ದು ನಿಮಗೆ ನೆನಪಿರಬಹುದು. ಆರು ಜನರನ್ನು ಮೈದಾನದಿಂದ ಹೊರಗೆ ಕಳಿಸಿದರು.

ಇದನ್ನು ಅಜ್ಜಿಯ ಹತ್ತಿರ ಮಾತಾಡೋದು ಹೇಗೆ ಅಂತ ನಾನು ಅಳುಕುತ್ತಿದ್ದೆ. ಅವರೇ ಮಾತೆತ್ತಿದರು. ಗುಡ್ಸ್‌ಗೆ ಕೂಗು ಹಾಕಿದಾಗ ತಮ್ಮ ಸಾಲಿನಲ್ಲಿ ಕೂತಿದ್ದವನೊಬ್ಬನ ಭುಜ ತಟ್ಟಿ, 'ಸಾಕು ಮಾಡಪ್ಪ' ಅಂದರಂತೆ. ಅವನು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಹೇಳಬೇಕಾಗಿತ್ತು ಅಂತ ಅವರಿಗೆ ಇವತ್ತಿಗೂ ನೋವಿದೆ.

ಇನ್ನು 2016. ಬುಲ್‌ಡಾಗ್ಸ್ ಪಟ್ಟಿಯಲ್ಲಿ ಏಳನೇ ಸ್ಥಾನದಲ್ಲಿದ್ದರು. ಅಲ್ಲಿಂದ ಯಾರೂ ಕಪ್ ಗೆದ್ದಿರಲಿಲ್ಲ. ನಾಯಕ ಬಾಬ್ ಮರ್ಫಿಗೆ ಆ ವರ್ಷ ಮೂರನೇ ಸುತ್ತಿನಲ್ಲೇ ಮೊಣಕಾಲಿಗೆ ಪೆಟ್ಟಾಗಿ, ಹೊರಗೆ ಕೂತು ನೋಡುತ್ತಿದ್ದರು. ತಂಡ ಒಂದಾದ ಮೇಲೊಂದು ಪಂದ್ಯ ಗೆದ್ದು ಫೈನಲ್ಲಿಗೆ ಬಂತು. ಅಕ್ಟೋಬರ್ 1, ಎಂಸಿಜಿ, ಸುಮಾರು ಒಂದು ಲಕ್ಷ ಜನ. ಬುಲ್‌ಡಾಗ್ಸ್ 89, ಸಿಡ್ನಿ 67. ಬರೋಬ್ಬರಿ 62 ವರ್ಷ ಆದ ಮೇಲೆ! ಕೋಚ್ ಲೂಕ್ ಬೆವರಿಜ್ ವೇದಿಕೆಯಲ್ಲಿ ತಮಗೆ ಕೊಟ್ಟ ಪದಕವನ್ನು ಕೊರಳಿಂದ ತೆಗೆದರು. ಮರ್ಫಿಯನ್ನು ಮೇಲೆ ಕರೆದರು. ಅವರ ಕೊರಳಿಗೆ ಹಾಕಿದರು.

ಅಜ್ಜಿಗೆ ಟಿಕೆಟ್ ಸಿಕ್ಕಿರಲಿಲ್ಲ. ಮನೆಯಲ್ಲೇ ಟಿವಿ ಮುಂದೆ ಒಬ್ಬರೇ ಕೂತು ನೋಡಿದರು. ಯಜಮಾನರು ಹೋಗಿ ಕೆಲವು ವರ್ಷ ಆಗಿತ್ತು. ಮರುದಿನ ಬೆಳಿಗ್ಗೆ ಬೇಗ ಎದ್ದು ಅವರ ಸಮಾಧಿಗೆ ಹೋದರಂತೆ. ಕೆಂಪು, ಬಿಳಿ, ನೀಲಿ ಪಟ್ಟೆಯ ಉಣ್ಣೆ ಮಫ್ಲರ್ ಕಲ್ಲಿಗೆ ಸುತ್ತಿದರಂತೆ. ಸುತ್ತ ನೋಡಿದರೆ ಬೇರೆ ಸಮಾಧಿಗಳ ಮೇಲೂ ಅದೇ ಬಣ್ಣ. ಗುರುತಿಲ್ಲದವರು ಒಬ್ಬರಿಗೊಬ್ಬರು ಕೈ ಎತ್ತಿ, ಮಾತಿಲ್ಲದೆ ಅವರವರ ದಾರಿ ಹಿಡಿದರಂತೆ.

ನನ್ನ ಮೊಮ್ಮಗಳು ಈಗ ಭಾನುವಾರ ಬೆಳಿಗ್ಗೆ ಪಾರ್ಕಿಗೆ ಹೋಗಿ ಮೊಟ್ಟೆ ಚೆಂಡು ಒದೆಯೋದು ಕಲಿಯುತ್ತಾಳೆ. ಅವಳ ತಂಡ ಯಾವುದು ಅಂತ ನಾವು ಕೂತು ತೀರ್ಮಾನ ಮಾಡಲಿಲ್ಲ. ಅಜ್ಜಿ ಅವಳ ಹುಟ್ಟುಹಬ್ಬಕ್ಕೆ ಮೂರು ಬಣ್ಣದ ಮಫ್ಲರ್ ಹೆಣೆದು ಕೊಟ್ಟರು, ಅಷ್ಟೇ.

ಪಂದ್ಯಕ್ಕೆ ಮುಂಚೆ ಅಲ್ಲಿ ಒಂದು ಪದ್ಧತಿಯಿದೆ. ಅಭಿಮಾನಿಗಳು ವಾರದಲ್ಲಿ ಒಂದು ಸಂಜೆ ಸೇರಿ, ಬಣ್ಣದ ಕಾಗದ, ಅಂಟುಪಟ್ಟಿ ಹಿಡಿದು ನೆಲದ ಮೇಲೆ ಕೂತು ಮನೆಯೆತ್ತರದ ಬ್ಯಾನರ್ ಮಾಡುತ್ತಾರೆ. ಆಟದ ದಿನ ಅದನ್ನು ಮೈದಾನದಲ್ಲಿ ಎತ್ತಿ ಹಿಡಿಯುತ್ತಾರೆ. ತಂಡ ಓಡಿ ಬಂದು ಅದನ್ನು ಹರಿದುಕೊಂಡೇ ಒಳಗೆ ನುಗ್ಗುತ್ತದೆ. ಗಂಟೆಗಟ್ಟಲೆ ಮಾಡಿದ ಕೆಲಸ, ಕಣ್ಣು ಮಿಟುಕಿಸುವಷ್ಟರಲ್ಲಿ ಚೂರು. ಮೊದಲ ಸಲ ನೋಡಿದಾಗ ಅಯ್ಯೋ ಅನ್ನಿಸಿತ್ತು. ಆಮೇಲೆ ಹಬ್ಬದ ದಿನ ನನ್ನ ಹೆಂಡತಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಿಡುವ ರಂಗೋಲಿ ನೆನಪಾಯಿತು. ಹತ್ತು ಗಂಟೆಗೆ ಅದರ ಮೇಲೆ ನೆಂಟರು ನಡೆದೇ ಬರುತ್ತಾರೆ. ನೆಂಟರು ಬರಲಿ ಅಂತಲೇ ಬಿಟ್ಟಿದ್ದು, ಅಲ್ವಾ?

ಬರುವ ಮಾರ್ಚಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಅಜ್ಜಿಗೆ ಈಗ ನೆಲದ ಮೇಲೆ ಕೂರೋದಕ್ಕೆ ಆಗುವುದಿಲ್ಲ. ಬ್ಯಾನರ್ ಅಂಟಿಸೋದಕ್ಕೆ ತಮ್ಮ ಬದಲು ನನ್ನ ಹೆಸರು ಬರೆಸಿದ್ದಾರಂತೆ. ಕತ್ತರಿ ಮಾತ್ರ ಮನೆಯಿಂದಲೇ ತರಬೇಕಂತೆ.

ನಮಸ್ಕಾರ.