ಕೊಡಗಿಂದ ಮಾಲ್ಡೀವ್ಸ್‌ಗೆ ಫ್ಯಾಮಿಲಿ ಟ್ರಿಪ್: ಮೊದ್ಲು ಬ್ಯಾಗ್ ಕೊಡವಿ!

ಶಾಟ್: ಮನೆ ಜಗಲಿ, ನೆಲದ ಮೇಲೆ ಹಳೇ ನೀಲಿ ಬ್ಯಾಗ್. ಹಿಂದ್ಗಡೆ ಮಳೆ ಸದ್ದು ಬರುತ್ತೆ, ಎಡಿಟಿಂಗಲ್ಲಿ ತೆಗೀಬೇಡ.

ನಮಸ್ಕಾರ, ಎಲ್ಲಾರೂ ಹೇಗಿದ್ದೀರಾ. ಇವತ್ತು ಪ್ಯಾಕಿಂಗ್ ವಿಡಿಯೋ ಅಂತ ಥಂಬ್‌ನೇಲಲ್ಲಿ ಹಾಕಿದೀನಿ, ಆದ್ರೆ ಇನ್ನೊಂದು ಐದು ನಿಮಿಷ ನಾನು ಏನೂ ಪ್ಯಾಕ್ ಮಾಡಲ್ಲ. ಮೊದ್ಲು ಈ ಬ್ಯಾಗನ್ನ ಉಲ್ಟಾ ಹಿಡಿದು ಕೊಡವ್ತೀನಿ, ನೋಡ್ತಾ ಇರಿ.

ಏನೇನ್ ಬಿತ್ತು? ಎರಡು ಕಾಫಿ ಬೀಜ, ಒಣಗಿದ ಕರಿಮೆಣಸಿನ ಗೊಂಚಲು ಒಂದು, ಯಾವ್ದೋ ಮದುವೆ ಕಾಗದ, ಟಾರ್ಚಿನ ಸೆಲ್ಲು, ಆಮೇಲೆ ಇದು. ಹತ್ರ ತೋರ್ಸು, ಇನ್ನೂ ಹತ್ರ. ಕೆಂಪು ಪ್ಲಾಸ್ಟಿಕ್ಕು, ಕೆಳಗೆ ಹಿತ್ತಾಳೆ ತಳ. 12 ಬೋರ್ ತೋಟೆ. ಖಾಲಿ ಅಲ್ಲ, ತುಂಬಿರೋದು. ನಮ್ಮ ಮಾವನ ಬ್ಯಾಗು ಇದು, ಸೈಡ್ ಜಿಪ್ಪಲ್ಲಿ ಎಷ್ಟು ವರ್ಷದಿಂದ ಮಲಗಿತ್ತೋ ಗೊತ್ತಿಲ್ಲ, ಕೇಳಿದ್ರೆ "ಓ ಅದಾ, ಅದನ್ನೇ ಹುಡುಕ್ತಾ ಇದ್ದೆ" ಅಂದ್ರು.

ನಗ್ಬೇಡಿ. ಕೊಡಗಲ್ಲಿ ಕೊಡವರಿಗೆ, ಜಮ್ಮಾ ಅಂದ್ರೆ ರಾಜರ ಕಾಲದಿಂದ ವಂಶಕ್ಕೆ ಬಂದ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರ ತನಕ ಮುಂದುವರ್ಸಿದ್ದಾರೆ, ಎಲ್ಲಾ ಸರಿ. ಆದ್ರೆ ಏರ್‌ಪೋರ್ಟ್ ಸ್ಕ್ಯಾನರ್‌ಗೆ ನಿಮ್ಮ ಮನೆತನ ಗೊತ್ತಾಗಲ್ಲ, ಬ್ಯಾಗಲ್ಲಿ ಒಂದೇ ಒಂದು ತೋಟೆ ಸಿಕ್ಕಿದ್ರೂ ಪೊಲೀಸ್ ಸ್ಟೇಷನ್ನು, ಆರ್ಮ್ಸ್ ಆಕ್ಟು, ಫ್ಲೈಟ್ ಹೋಯ್ತು, ಹೊಡೆದು ಬಿಸಾಕಿದ ಖಾಲಿ ಕೇಸ್ ಇದ್ರೂ ತಲೆನೋವೇ. ಅದಕ್ಕೆ ತೋಟಕ್ಕೆ, ಕೈಲ್ ಪೋಳ್ದ್ ಅಂದ್ರೆ ನಮ್ಮ ಆಯುಧ ಪೂಜೆ ಹಬ್ಬಕ್ಕೆ, ಊರಮನೆಗೆ ಹೋಗಿ ಬಂದ ಯಾವ ಬ್ಯಾಗೇ ಆಗ್ಲಿ, ಯಾವ ಜಾಕೆಟ್ಟೇ ಆಗ್ಲಿ, ಪ್ರತಿ ಜಿಪ್ಪು ತೆಗೆದು ಕೊಡವಿ. ಆಗಿಲ್ಲ ಅಂದ್ರೆ ಹೊಸ ಬ್ಯಾಗ್ ತಗೊಳ್ಳಿ, ಅಷ್ಟೇ.

ನಾವು ಕಳೆದ ವರ್ಷ ಏಪ್ರಿಲಲ್ಲಿ ಮಾಲ್ಡೀವ್ಸ್‌ಗೆ ಹೋಗಿದ್ವಿ, ನಾನು, ನಮ್ಮೆಜಮಾನ್ರು, ಇಬ್ಬರು ಮಕ್ಕಳು. ಈ ಸಲ ಅತ್ತೆ ಮಾವನೂ ಬರ್ತಿದ್ದಾರೆ, ಒಟ್ಟು ಆರು ಜನ. ಹೋದ್ಸಲ ನಾನು ಏನೇನೋ ಲಿಸ್ಟ್ ನೋಡಿ ಬ್ಯಾಗ್ ತುಂಬಿದ್ದೆ, ಕೈ ಕೊಟ್ಟಿದ್ದು ಮಾತ್ರ ಯಾವ ಲಿಸ್ಟಲ್ಲೂ ಇಲ್ಲದ್ದು, ನಮ್ಮ ಮನೇಲಿ ದಿನಾ ಇರೋ ಸಾಮಾನು, ನಮ್ಮ ಊರಿನ ಅಭ್ಯಾಸಗಳು.

ಉದಾಹರಣೆಗೆ ಪಂದಿ ಕರಿ. ನಮ್ಮತ್ತೆ ಪಾಪ, ಮಕ್ಕಳಿಗೆ ಅಲ್ಲಿ ಊಟ ಸೇರುತ್ತೋ ಇಲ್ವೋ ಅಂತ ಡ್ರೈ ಆಗಿ ಹುರಿದು, ಕಾಚಂಪುಳಿ, ಅಂದ್ರೆ ನಮ್ಮ ಕೊಡಗಿನ ಕಪ್ಪು ಹುಳಿ ರಸ, ಜಾಸ್ತಿ ಹಾಕಿ, ಒಂದು ಡಬ್ಬ ಕಟ್ಟಿ ಕೊಟ್ಟಿದ್ರು. ಮಾಲ್ಡೀವ್ಸ್ ಮುಸ್ಲಿಂ ದೇಶ, ಹಂದಿ ಮಾಂಸದ್ದು ಏನೂ ಒಳಗೆ ತರೋ ಹಾಗಿಲ್ಲ, ಮದ್ಯನೂ ಇಲ್ಲ, ಅಂದ್ರೆ ಮನೇಲಿ ಮಾಡಿದ ವೈನೂ ಇಲ್ಲ. ಪೂಜೆ ಮಾಡೋ ವಿಗ್ರಹ ಕೂಡ ಅವರ ನಿಷೇಧದ ಪಟ್ಟಿಲಿದೆ, ಹಾಗಾಗಿ ಅತ್ತೆಯ ಪುಟ್ಟ ಕಾವೇರಮ್ಮನ ವಿಗ್ರಹ ಈ ಸಲ ಮನೇಲೇ ಇರುತ್ತೆ. ಅಲ್ಲಿ ಇಳಿದ ಮೇಲೆ ಬ್ಯಾಗೇಜೆಲ್ಲಾ ಮತ್ತೆ ಸ್ಕ್ಯಾನರ್ ಮೇಲೆ ಹಾಕಿಸ್ತಾರೆ. ನಮ್ಮ ಡಬ್ಬ ಅಲ್ಲಿ ತನಕ ಹೋಗ್ಲಿಲ್ಲ, ಬೆಂಗಳೂರಲ್ಲಿ ಕಾರಲ್ಲೇ ನೆನಪಾಗಿ ಡ್ರೈವರ್‌ಗೆ ಕೊಟ್ವಿ, ಅವನು ಇನ್ನೂ ಅದರ ಬಗ್ಗೆನೇ ಮಾತಾಡ್ತಾನೆ.

ರೆಸಾರ್ಟ್ ದ್ವೀಪಗಳಲ್ಲಿ ಡ್ರಿಂಕ್ಸ್ ಸಿಗುತ್ತೆ, ಜನ ವಾಸ ಇರೋ ಲೋಕಲ್ ದ್ವೀಪಗಳಲ್ಲಿ ಸಿಗಲ್ಲ. ನಾವು ಹೋಗೋದು ಲೋಕಲ್ ದ್ವೀಪಕ್ಕೆ, ಗೆಸ್ಟ್‌ಹೌಸು, ಯಾಕಂದ್ರೆ ರೇಟು. ನಮ್ಮ ಮಾವನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಮಿಕ್ಕಿದ್ದು ಬೇಗ ಹೇಳ್ತೀನಿ. ಜೇನು, ಕಾಚಂಪುಳಿ ಎರಡೂ ಲಿಕ್ವಿಡ್ಡೇ, ಕೈಯಲ್ಲಿ ಹಿಡಿಯೋ ಬ್ಯಾಗಲ್ಲಿ 100 ಎಂಎಲ್ ಮೇಲೆ ಬಿಡಲ್ಲ. ಕತ್ತಿ, ಚೂರಿ ಏನೂ ಬೇಡ. ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಚೆಕ್‌ಇನ್ ಬ್ಯಾಗಲ್ಲಿ ಹಾಕ್ಲೇಬಾರ್ದು, ಕೈಯಲ್ಲೇ ಇರ್ಬೇಕು, 20,000 ಎಂಎಎಚ್ ಅಂದ್ರೆ ಸುಮಾರು 74 ವಾಟ್ ಅವರ್, ಲಿಮಿಟ್ 100, ಸಾಕು. ವೇಪ್ ಸೇದೋರು ಮನೇಲಿದ್ರೆ ಅದನ್ನೂ ಬಿಟ್ಟು ಬರಕ್ಕೆ ಹೇಳಿ, ಅಲ್ಲಿ ಬ್ಯಾನ್.

ಶಾಟ್: ಊಟದ ಟೇಬಲ್, ಆರು ಪಾಸ್‌ಪೋರ್ಟ್. ನಂಬರ್ ಕಾಣಬಾರ್ದು, ಮುಚ್ಚಿಡು.

ಈಗ ಕಾಗದ ಪತ್ರ. ದೊಡ್ಡೋರ ಪಾಸ್‌ಪೋರ್ಟ್ 10 ವರ್ಷ, ಮಕ್ಕಳದ್ದು ಐದೇ ವರ್ಷ, ಎಲ್ಲಾರೂ ಎಡವೋದು ಇಲ್ಲೇ, ನಮ್ದು ಇದೆಯಲ್ಲಾ ಅಂತ ಟಿಕೆಟ್ ಬುಕ್ ಮಾಡ್ತಾರೆ ಆಮೇಲೆ ನೋಡಿದ್ರೆ ಮಗುದು ಮುಗಿದು ಹೋಗಿರುತ್ತೆ. ವಾಪಸ್ ಬರೋ ದಿನದಿಂದ ಮುಂದಕ್ಕೆ ಆರು ತಿಂಗಳು ಇರೋ ಹಾಗೆ ನೋಡ್ಕೊಳ್ಳಿ. ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರೂ ಸೈನ್ ಮಾಡಿದ ಅನೆಕ್ಸರ್ ಡಿ ಅನ್ನೋ ಒಪ್ಪಿಗೆ ಪತ್ರ ಬೇಕು. ಮೈಸೂರಿನ ಪೋಸ್ಟಾಫೀಸಲ್ಲಿ 2017ರಿಂದ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರ ತನಕ ಓಡೋದು ಬೇಡ.

ಹೆಸರಿನ ವಿಷಯ ಸ್ವಲ್ಪ ನಿಂತು ಕೇಳಿ. ನಮ್ಮ ಕಡೆ ಮನೆತನದ ಹೆಸರು ಮುಂದೆ ಬರುತ್ತೆ, ಆಧಾರಲ್ಲಿ ಅದು ಇನಿಶಿಯಲ್ಲು, ಪಾಸ್‌ಪೋರ್ಟಲ್ಲಿ ಪೂರ್ತಿ, ಬ್ಯಾಂಕಲ್ಲಿ ಇಲ್ಲವೇ ಇಲ್ಲ. ಟಿಕೆಟ್ ಬುಕ್ ಮಾಡೋವಾಗ ಪಾಸ್‌ಪೋರ್ಟ್ ಒಂದನ್ನೇ ಎದುರಿಗಿಟ್ಕೊಳ್ಳಿ, ಸರ್‌ನೇಮ್ ಅಂತ ಅಲ್ಲಿ ಏನಿದೆಯೋ ಅದೇ ಸರ್‌ನೇಮು, ನಿಮಗೆ ಅದು ಅಜ್ಜನ ಹೆಸರೋ ಊರಿನ ಹೆಸರೋ ಮುಖ್ಯ ಅಲ್ಲ. ದುಬೈ ಬೀಚ್ ಕಡೆ ಪ್ಲಾನ್ ಇರೋರು ಇನ್ನೂ ಹುಷಾರು, ಪಾಸ್‌ಪೋರ್ಟಲ್ಲಿ ಬರೀ ಒಂದೇ ಹೆಸರು ಇರೋರಿಗೆ 2022ರ ನವೆಂಬರಿಂದ ಅಲ್ಲಿ ಟೂರಿಸ್ಟ್ ವೀಸಾ ಕಿರಿಕ್ಕು.

ಮಾಲ್ಡೀವ್ಸ್‌ಗೆ ಮೊದ್ಲೇ ವೀಸಾ ಬೇಡ, ನಮ್ಮೋರಿಗೆ ಇಳಿದ ಮೇಲೆ 90 ದಿನಕ್ಕೆ ಫ್ರೀ ಕೊಡ್ತಾರೆ, ರೂಮ್ ಬುಕಿಂಗ್ ಮತ್ತೆ ವಾಪಸ್ ಟಿಕೆಟ್ ತೋರ್ಸ್ಬೇಕು. ಆದ್ರೆ ಐಮುಗಾ ಅಂತ ಒಂದು ಆನ್‌ಲೈನ್ ಫಾರ್ಮ್ ಇದೆ, ಹೊರಡೋಕೆ 96 ಗಂಟೆ ಒಳಗೆ ತುಂಬ್ಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ, ಮಗುಗೂ. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳಿದ್ರೆ ಅದು ಸರ್ಕಾರದ ಸೈಟ್ ಅಲ್ಲ, ಕ್ಲೋಸ್ ಮಾಡಿ. ಅಲ್ಲಾ, 96 ಗಂಟೆ ಇದೆಯಲ್ಲಾ ಅಂತ ಕೊನೇ ರಾತ್ರಿಗೆ ಇಟ್ಕೋಬೇಡಿ. ನಮ್ಮಲ್ಲಿ ಒಂದು ಗುಡುಗು ಬಂತು ಅಂದ್ರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ ಹಿಂದೆನೇ ಟವರ್ ಹೋಗುತ್ತೆ. ಹೋದ್ಸಲ ನಾನು ರಾತ್ರಿ ಹನ್ನೊಂದು ಗಂಟೆಗೆ ಛತ್ರಿ ಹಿಡ್ಕೊಂಡು ಗೇಟ್ ಹತ್ರ ಗುಡ್ಡದ ಮೇಲೆ ನಿಂತು ನಾಲ್ಕು ಜನರದ್ದು ಫಾರ್ಮ್ ತುಂಬಿದೀನಿ, ಕಾಲಲ್ಲಿ ಜಿಗಣೆ ಬೇರೆ. ಕ್ಯೂಆರ್ ಕೋಡ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ.

ಯಾವಾಗ ಹೋಗೋದು? ತೋಟ ಇರೋರಿಗೆ ಬೇರೆ ಕ್ಯಾಲೆಂಡರ್ ಇಲ್ಲ. ನವೆಂಬರಿಂದ ಫೆಬ್ರವರಿ ಕುಯ್ಲು, ಆಮೇಲೆ ಕಾಫಿ ಹೂ ಬಿಡಿಸೋ ಹೂ ಮಳೆಗೆ ಆಕಾಶ ನೋಡ್ಕೊಂಡು ಕೂರೋದು, ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್, ಅದಾದ್ಮೇಲೆ ಬ್ಯಾಕಿಂಗ್, ಅಂದ್ರೆ ಹೂ ಆದ್ಮೇಲಿನ ಎರಡನೇ ಸಲದ ನೀರು. ಅಷ್ಟೊತ್ತಿಗೆ ಏಪ್ರಿಲ್, ಸ್ಕೂಲೂ ರಜ. ಅದೃಷ್ಟಕ್ಕೆ ಮಾಲ್ಡೀವ್ಸಲ್ಲಿ ಜನವರಿಯಿಂದ ಏಪ್ರಿಲ್ ಒಣಗಾಲ, ಮೇ ಬಂತು ಅಂದ್ರೆ ಅಲ್ಲೂ ನಮ್ಮ ತರಾನೇ ನೈರುತ್ಯ ಮಾನ್ಸೂನ್ ಶುರು. ಅದಕ್ಕೆ ಏಪ್ರಿಲ್ ಮೊದಲ ಹದಿನೈದು ದಿನ ನಮ್ಮ ಲೆಕ್ಕ. ಇನ್ನೊಂದು, ಅಲ್ಲಿ ಶುಕ್ರವಾರ ರಜ, ಸರ್ಕಾರಿ ಫೆರ್ರಿ ಓಡಲ್ಲ, ಆ ದಿನ ಇಳಿಯೋ ಹಾಗೆ ಟಿಕೆಟ್ ಮಾಡಿದ್ರೆ ಸ್ಪೀಡ್‌ಬೋಟ್ ಮೊದ್ಲೇ ಫಿಕ್ಸ್ ಮಾಡ್ಕೊಳ್ಳಿ.

ಪ್ರಯಾಣ ತಮಾಷೆ ಇದೆ. ಕಣ್ಣೂರು ಏರ್‌ಪೋರ್ಟ್ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದ್ರೆ ಹತ್ರ, ಆದ್ರೆ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಡೈರೆಕ್ಟ್ ಫ್ಲೈಟ್ ಹಿಡಿಯೋಕೆ ನಾವು ಬೆಂಗಳೂರಿಗೇ ಹೋಗೋದು. ಮನೆಯಿಂದ ದೇವನಹಳ್ಳಿ ಏರ್‌ಪೋರ್ಟಿಗೆ ಏಳು ಗಂಟೆ, ಅಲ್ಲಿಂದ ಸಮುದ್ರ ದಾಟಿ ಬೇರೆ ದೇಶಕ್ಕೆ ಎರಡು ಗಂಟೆ ಚಿಲ್ಲರೆ. ರಾತ್ರಿ ಆನೆ ರೋಡಿಗೆ ಬರೋ ಕಡೆ ಮನೆ ಇರೋರು ಹಿಂದಿನ ದಿನ ಮಧ್ಯಾಹ್ನನೇ ಹೊರಡಿ, ಆನೆ ನಿಂತಿತ್ತು ಅಂದ್ರೆ ಏರ್‌ಲೈನ್ಸ್‌ನೋರು ನಂಬಲ್ಲ.

ದುಡ್ಡಿನ ವಿಷಯ. ರೂಮ್ ರೇಟ್ ನೋಡಿ ಖುಷಿ ಪಡ್ಬೇಡಿ, ಕೆಳಗೆ ಪ್ಲಸ್ ಪ್ಲಸ್ ಅಂತ ಇರುತ್ತೆ. ಸರ್ವೀಸ್ ಚಾರ್ಜ್ 10 ಪರ್ಸೆಂಟ್, ಟೂರಿಸ್ಟ್ ಜಿಎಸ್‌ಟಿ 2025ರ ಜುಲೈಯಿಂದ 17 ಪರ್ಸೆಂಟ್, ಅದರ ಮೇಲೆ ಗ್ರೀನ್ ಟ್ಯಾಕ್ಸ್. ಲೋಕಲ್ ದ್ವೀಪದ ಚಿಕ್ಕ ಗೆಸ್ಟ್‌ಹೌಸಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರೆಸಾರ್ಟಲ್ಲಿ 12. ಎರಡು ವರ್ಷದ ಒಳಗಿನ ಮಗುಗೆ ಇಲ್ಲ. ನಮ್ಮ ಆರು ಜನ, ನಾಲ್ಕು ದಿನ, ಆರಾರ್ಲಿ ಮೂವತ್ತಾರು, ನಾಲ್ಕು ಸಲ, 144 ಡಾಲರ್. ಹೋದ್ಸಲ ಇದು ಗೊತ್ತಿಲ್ಲದೆ ಚೆಕ್‌ಔಟ್ ದಿನ ಬಿಲ್ ನೋಡಿ ನಮ್ಮೆಜಮಾನ್ರ ಮುಖ ನೋಡ್ಬೇಕಿತ್ತು. ಚಿಲ್ಲರೆ ಡಾಲರ್ ನೋಟು ಇಟ್ಕೊಳ್ಳಿ, ಒಂದು, ಐದು, ಹತ್ತರದ್ದು. ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಯೂಸ್ ಆಫ್ ಆಗಿರುತ್ತೆ, ಬ್ಯಾಂಕ್ ಆ್ಯಪಲ್ಲಿ ಆನ್ ಮಾಡಿ, ಅಂಗಡೀಲಿ ಮಿಷಿನ್ನು "ರೂಪಾಯಿಲಿ ಕೊಡ್ತೀರಾ" ಅಂತ ಕೇಳಿದ್ರೆ ಬೇಡ ಅನ್ನಿ, ಆ ರೇಟ್ ಯಾವತ್ತೂ ದುಬಾರಿ.

ಕಾಫಿ ಬೆಳೆಗಾರರಿಗೆ ಸ್ಪೆಷಲ್ ಮಾತು: ಏಜೆಂಟ್ ಹತ್ರ ಫಾರಿನ್ ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ, ಅಂದ್ರೆ ಮೊದ್ಲೇ ವಸೂಲಿ ಮಾಡೋ ತೆರಿಗೆ, ಮೇಲೆ ಕಟ್ಟಿಸ್ಕೋತಾರೆ. ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಇರುತ್ತೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ವಾಪಸ್ ಕೇಳ್ಬಹುದು. ನಮ್ಮಲ್ಲಿ ಹಸಿ ಕಾಫಿ, ಚೆರ್ರಿ ಮಾರೋರು ಕೃಷಿ ಆದಾಯ ಅಂತ ರಿಟರ್ನೇ ಹಾಕಲ್ಲ, ದುಡ್ಡು ಅಲ್ಲೇ ಕೂತಿರುತ್ತೆ. ಆ ವರ್ಷ ಒಂದು ಹಾಕಿಬಿಡಿ.

ಶಾಟ್: ಬಚ್ಚಲುಮನೆ, ಬಕೆಟ್ ತುಂಬ ನೀರು, ಮಗಳು ಸ್ನಾರ್ಕಲ್ ಮಾಸ್ಕ್ ಹಾಕ್ಕೊಂಡು.

ಇನ್ನು ಸಮುದ್ರ. ಮಡಿಕೇರಿ ಸಮುದ್ರ ಮಟ್ಟದಿಂದ 1,150 ಮೀಟರ್ ಮೇಲಿದೆ, ಮಾಲ್ಡೀವ್ಸ್ ಪೂರ್ತಿ ದೇಶದ ಸರಾಸರಿ ಎತ್ತರ ಒಂದೂವರೆ ಮೀಟರ್, ನಮ್ಮ ಬಾವಿ ಕಟ್ಟೆ ಮೇಲೆ ಹತ್ತಿದ್ರೆ ಜಾಸ್ತಿ ಎತ್ತರ. ಭೂಮಧ್ಯ ರೇಖೆ ಪಕ್ಕ ಇರೋದು, ಬಿಸಿಲು ಅಂದ್ರೆ ಏನು ಅಂತ ನಮಗೆ ಗೊತ್ತೇ ಇಲ್ಲ. ನಮಗೆ ಮೋಡ ಅಂದ್ರೆ ತಂಪು. ಹೋದ್ಸಲ ಎರಡನೇ ದಿನ ಮೋಡ ಇತ್ತು, ಬಿಡು ಇವತ್ತು ಕ್ರೀಮ್ ಬೇಡ ಅಂದೆ, ಮಗಳು ಎರಡು ಗಂಟೆ ನೀರಲ್ಲಿ ಮುಖ ಕೆಳಗೆ ಮಾಡಿ ಮೀನು ನೋಡಿದ್ಳು, ರಾತ್ರಿ ಬೆನ್ನು ಕೆಂಡ, ಈಜುಡುಗೆಯ ಪಟ್ಟಿ ಇದ್ದ ಜಾಗ ಮಾತ್ರ ಬೆಳ್ಳಗೆ, ಬೆಡ್‌ಶೀಟ್ ತಾಗಿದ್ರೂ ಅಳು. ತೆಳು ಮೋಡದಲ್ಲಿ ಯುವಿ ಆರಾಮಾಗಿ ಇಳಿಯುತ್ತೆ.

ಅದಕ್ಕೆ ಈ ಸಲ ಎಲ್ಲಾರಿಗೂ ಫುಲ್ ಕೈ ಇರೋ ರ್‍ಯಾಶ್ ಗಾರ್ಡ್, ಅಂದ್ರೆ ನೀರಲ್ಲಿ ಹಾಕೋ ಮೈಗಂಟೋ ಟೀ ಶರ್ಟು, ಅತ್ತೆಗೂ ತಗೊಂಡಿದೀನಿ. ಬಟ್ಟೆ ಮುಚ್ಚಿದಷ್ಟು ಜಾಗಕ್ಕೆ ಕ್ರೀಮ್ ಖರ್ಚಿಲ್ಲ, ಜೊತೆಗೆ ಲೋಕಲ್ ದ್ವೀಪದಲ್ಲಿ ಬಿಕಿನಿ ಬೀಚ್ ಅಂತ ಗುರುತು ಮಾಡಿದ ಜಾಗ ಬಿಟ್ರೆ ಬೇರೆ ಕಡೆ ಮೈ ಮುಚ್ಚೋ ಬಟ್ಟೆನೇ ಹಾಕ್ಬೇಕು, ಎರಡೂ ಆಯ್ತು. ಕ್ರೀಮ್ ಲೆಕ್ಕ ಹೇಳ್ತೀನಿ: ದೊಡ್ಡೋರ ಪೂರ್ತಿ ಮೈಗೆ ಒಂದ್ಸಲಕ್ಕೆ ಸುಮಾರು 30 ಎಂಎಲ್ ಬೇಕು, ಎರಡು ಗಂಟೆಗೊಂದ್ಸಲ, ನೀರಿಂದ ಎದ್ದ ಮೇಲೆ ಮತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ 50 ಎಂಎಲ್ ಟ್ಯೂಬ್ ಆರು ಜನರಿಗೆ ಒಂದು ರೌಂಡಿಗೂ ಸಾಲಲ್ಲ. ಎಸ್‌ಪಿಎಫ್ 30ಕ್ಕಿಂತ ಮೇಲಿಂದು, ವಾಟರ್ ರೆಸಿಸ್ಟೆಂಟ್, ಇಲ್ಲಿಂದಲೇ ದೊಡ್ಡ ಬಾಟಲ್ ತಗೊಂಡು ಚೆಕ್‌ಇನ್ ಬ್ಯಾಗಲ್ಲಿ ಹಾಕಿ, ದ್ವೀಪದ ಅಂಗಡಿ ರೇಟು ಕೇಳಿದ್ರೆ ಬಿಸಿಲೇ ವಾಸಿ ಅನ್ನಿಸುತ್ತೆ.

ಈಜು. ನಮ್ಮ ಮಕ್ಕಳು ಕೆರೇಲಿ, ಹೊಳೇಲಿ ಕಲ್ತಿದ್ದಾರೆ, ಆ ಧೈರ್ಯನೇ ನನಗೆ ಭಯ. ಹೊಳೆ ಒಂದೇ ಕಡೆ ಹರಿಯುತ್ತೆ, ಕಣ್ಣಿಗೆ ಕಾಣುತ್ತೆ. ಅಲ್ಲಿ ದ್ವೀಪದ ಸುತ್ತ ಹವಳದ ಗೋಡೆ, ಒಳಗೆ ಮೊಣಕಾಲುದ್ದ ನೀರು ಸುಮ್ನೆ ಮಲ್ಗಿರುತ್ತೆ, ಗೋಡೆ ಒಡೆದ ಬಾಯಿ ಹತ್ರ ಮಾತ್ರ ನೀರು ಹೊರಗೆ ಎಳೆಯುತ್ತೆ. ಎಳೆದ್ರೆ ದಡದ ಕಡೆ ಎದುರು ಈಜಬಾರ್ದು, ಸುಸ್ತಾಗಿ ಮುಳುಗೋದು ಹಾಗೇ. ತೇಲ್ತಾ ಕೈ ಎತ್ತಿ, ದಡಕ್ಕೆ ಸಮಾನಾಂತರ ಪಕ್ಕಕ್ಕೆ ಈಜಿ, ಎಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಇದನ್ನ ಮಕ್ಕಳಿಗೆ ಮನೇಲೇ ಅಂಗಳದಲ್ಲಿ ಓಡಿಸಿ ತೋರ್ಸಿದೀನಿ, ಅಂಗಳದ ಉದ್ದಕ್ಕೆ ಅಲ್ಲ ಅಡ್ಡಕ್ಕೆ ಓಡು ಅಂತ, ಕಾಫಿ ಒಣಗಿಸೋ ಕಣ ಮೊದಲ ಸಲ ಬೇರೆ ಕೆಲ್ಸಕ್ಕೆ ಬಂತು. ಗಾಳಿ ತುಂಬೋ ರಿಂಗು, ಬಾತುಕೋಳಿ ಬೇಡ, ಗಾಳಿಗೆ ಹೊರಗೆ ಹೋಗುತ್ತೆ. ಮಕ್ಕಳ ಅಳತೆ ಲೈಫ್ ಜಾಕೆಟ್ ಇದೆಯಾ ಅಂತ ಗೆಸ್ಟ್‌ಹೌಸಿಗೆ ಮೊದ್ಲೇ ಮೆಸೇಜ್ ಮಾಡಿ ಕೇಳಿ.

ಮಾಸ್ಕ್ ಇಲ್ಲೇ ಬಕೆಟಲ್ಲಿ ಟ್ರೈ ಮಾಡಿಸಿ, ನೋಡಿ ಈಗ ಇವಳು ಮಾಡ್ತಿದ್ದಾಳೆ. ಮೂಗು ಮುಚ್ಕೊಂಡು ಬಾಯಲ್ಲಿ ಉಸಿರಾಡೋದಕ್ಕೆ ಮಕ್ಕಳಿಗೆ ಎರಡು ದಿನ ಬೇಕು, ಆ ಎರಡು ದಿನ ಡಾಲರ್ ಕೊಟ್ಟು ಅಲ್ಲಿ ಯಾಕೆ ಕಳೀಬೇಕು. ಮೀಸೆ ಇರೋರಿಗೆ ಮಾಸ್ಕ್ ಸಂದಿಲಿ ನೀರು ಬರುತ್ತೆ. ನಮ್ಮ ಮಾವನ ಮೀಸೆ ನೀವು ನೋಡಿದೀರಲ್ಲಾ, ಅವರು ದಡದಲ್ಲಿ ಕೂತು ನಮ್ಮ ಚಪ್ಪಲಿ ಕಾಯ್ತಾರೆ ಅಂತ ತೀರ್ಮಾನ ಆಗಿದೆ.

ಘಾಟಿ ತಿರುವಲ್ಲಿ ವಾಂತಿ ಮಾಡೋ ಮಕ್ಕಳು ಸ್ಪೀಡ್‌ಬೋಟಲ್ಲೂ ಮಾಡ್ತಾರೆ, ಡಾಕ್ಟರ್ ಹತ್ರ ಮಾತ್ರೆ ಕೇಳಿ ಚೀಟಿ ಸಮೇತ ಇಟ್ಕೊಳ್ಳಿ, ಬೋಟಲ್ಲಿ ಹಿಂದ್ಗಡೆ ಕೂರ್ಸಿ, ಮುಂದೆ ಎತ್ತಾಕುತ್ತೆ, ಸೊಂಟ ನೋವಿರೋ ಅತ್ತೆಗೂ ಅದೇ ಜಾಗ.

ಕೊನೇ ದಿನ ಮಕ್ಕಳ ಜೇಬು ನೋಡಿ. ಹವಳದ ಚೂರು ಆ ದೇಶದಿಂದ ಹೊರಗೆ ತರೋ ಹಾಗಿಲ್ಲ. ನಮ್ಮೋಳು ಹೋದ್ಸಲ ಚಡ್ಡಿ ಜೇಬಲ್ಲಿ ಏಳು ಚೂರು ಇಟ್ಕೊಂಡಿದ್ಳು, ಜೆಟ್ಟಿ ಮೇಲೆ ನಿಂತು ಒಂದೊಂದಾಗಿ ವಾಪಸ್ ಹಾಕಿಸ್ದೆ, ಏಳನೇದಕ್ಕೆ ಅಳು ಶುರುವಾಯ್ತು, ಬೋಟಿನವನು ಹಾರ್ನ್ ಹೊಡೀತಾ ಇದ್ದ.

ಅಯ್ಯೋ, ಕರೆಂಟ್ ಹೋಯ್ತು. ಕ್ಯಾಮರಾ ಬ್ಯಾಟ್ರಿ ಎಷ್ಟಿದೆ ನೋಡೋ...