42ಕ್ಕೆ ನಿಂತ ರಿಕವರಿ: ಹಳೆಯ ಲ್ಯಾಪ್‌ಟಾಪೊಂದರ ದುರಸ್ತಿಯ ಕುರಿತು

ಮಾನ್ಯರೇ,

ಇಲ್ಲಿ ಸೇರಿರುವವರಲ್ಲಿ ಹಲವರು ಕಾಲೇಜುಗಳ ಕಂಪ್ಯೂಟರ್ ಪ್ರಯೋಗಾಲಯಗಳನ್ನು ನೋಡಿಕೊಳ್ಳುವವರು. ಕೆಲವರು ತಾಲ್ಲೂಕು ಕೇಂದ್ರಗಳಲ್ಲಿ ದುರಸ್ತಿ ಅಂಗಡಿ ಇಟ್ಟುಕೊಂಡಿರುವವರು. ಆದ್ದರಿಂದ ಆಪರೇಟಿಂಗ್ ಸಿಸ್ಟಮ್ ಎಂದರೇನು, ಹಾರ್ಡ್ ಡಿಸ್ಕ್ ಎಂದರೇನು ಎಂಬುದರಿಂದ ಆರಂಭಿಸುವ ಅಗತ್ಯ ನನಗಿಲ್ಲ. ಒಂದೇ ಒಂದು ಯಂತ್ರವನ್ನು ಮುಂದಿಟ್ಟುಕೊಂಡು, ಅದರಲ್ಲಿ ರಿಕವರಿ, ಅಂದರೆ ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವ ಕೆಲಸ, ಏಕೆ ವಿಫಲವಾಯಿತು, ಆ ವೈಫಲ್ಯದ ಕಾರಣವನ್ನು ಹೇಗೆ ಪತ್ತೆಹಚ್ಚಿದೆವು ಎಂಬುದನ್ನಷ್ಟೇ ಹೇಳುತ್ತೇನೆ.

ನಿವೃತ್ತ ಶಿಕ್ಷಕರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬಂದಿದ್ದರು. 2011ರಲ್ಲಿ ಕೊಂಡದ್ದು, 320 ಗಿಗಾಬೈಟಿನ ಹಾರ್ಡ್ ಡಿಸ್ಕ್, ವಿಂಡೋಸ್ 7. ಬ್ಯಾಟರಿ ಸತ್ತು ವರ್ಷಗಳೇ ಆಗಿದ್ದುದರಿಂದ ಸದಾ ಚಾರ್ಜರ್ ಸಿಕ್ಕಿಸಿಯೇ ಬಳಸುತ್ತಿದ್ದರು. "ಒಂದು ದಿನ ನೀಲಿ ಪರದೆ ಬಂತಪ್ಪ. ಪಕ್ಕದ ಮನೆಯ ಹುಡುಗ ರಿಕವರಿ ಒತ್ತಿದರೆ ಎಲ್ಲ ಸರಿಹೋಗುತ್ತೆ ಅಂದ. ಒತ್ತಿದೆವು. ಶೇಕಡಾ 42ಕ್ಕೆ ಬಂದು ನಿಂತುಬಿಡ್ತು. ನಾಲ್ಕು ಸಲ ಒತ್ತಿದೆವು, ನಾಲ್ಕು ಸಲವೂ 42ಕ್ಕೇ ನಿಂತಿತು" ಎಂದರು ಮೇಷ್ಟ್ರು. ಅವರು ದುಃಖದಿಂದ ಹೇಳಿದ ಆ ಕೊನೆಯ ಮಾತು ನನ್ನ ಪಾಲಿಗೆ ಅರ್ಧ ಉತ್ತರವೇ ಆಗಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಸುಮಾರು 2007ರಿಂದ ಈಚೆಗೆ ಬಂದ ಬಹುತೇಕ ಲ್ಯಾಪ್‌ಟಾಪುಗಳ ಜೊತೆ ತಯಾರಕರು ಡಿವಿಡಿ ಕೊಡುವುದನ್ನು ಕ್ರಮೇಣ ಬಿಟ್ಟು, ಹಾರ್ಡ್ ಡಿಸ್ಕಿನಲ್ಲಿಯೇ ಒಂದು ಮರೆಯಾದ ಪಾರ್ಟಿಷನ್, ಅಂದರೆ ಪ್ರತ್ಯೇಕ ವಿಭಾಗ, ಮಾಡಿ ಅದರಲ್ಲಿ ಕಾರ್ಖಾನೆಯ ಇಮೇಜನ್ನು, ಅಂದರೆ ವಿಂಡೋಸಿನ ಸಿದ್ಧ ಪ್ರತಿಯನ್ನು, ಇಡತೊಡಗಿದರು. ಯಂತ್ರ ಶುರುವಾಗುವಾಗ ಒಂದು ಕಂಪನಿಯದಕ್ಕೆ ಎಫ್11, ಇನ್ನೊಂದರದಕ್ಕೆ ಎಫ್9, ಮತ್ತೊಂದರದಕ್ಕೆ ಆಲ್ಟ್ ಜೊತೆಗೆ ಎಫ್10 ಒತ್ತಿದರೆ ಆ ಪಾರ್ಟಿಷನ್ ಎಚ್ಚರಗೊಳ್ಳುತ್ತದೆ. ಅನುಕೂಲವೇನೋ ಹೌದು. ಆದರೆ ಮನೆಯ ಇನ್ನೊಂದು ಬೀಗದ ಕೈಯನ್ನು ಮನೆಯೊಳಗಿನ ಗೂಡಿನಲ್ಲಿಯೇ ಇಟ್ಟು ಬಾಗಿಲೆಳೆದುಕೊಂಡು ಬಂದಂತಹ ವ್ಯವಸ್ಥೆ ಇದು: ಯಾವ ಡಿಸ್ಕ್ ಕೆಟ್ಟಾಗ ಇಮೇಜು ಬೇಕಾಗುತ್ತದೆಯೋ ಆ ಇಮೇಜು ಇರುವುದೂ ಅದೇ ಡಿಸ್ಕಿನಲ್ಲಿ. ಎಂಟು ಹತ್ತು ವರ್ಷ ಯಾರೂ ಓದದೆ ಬಿದ್ದಿರುವ ಆ ಭಾಗದಲ್ಲಿ ಒಂದು ಸೆಕ್ಟರ್, ಅಂದರೆ ದತ್ತಾಂಶ ಕೂರುವ ಒಂದು ಪುಟ್ಟ ತುಣುಕು, ಹಾಳಾದರೂ, ಅದು ಬೇಕಾಗುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಇದು ಹಳೆಯ ಯಂತ್ರಗಳಿಗಷ್ಟೇ ಸೀಮಿತವಾದ ತೊಂದರೆಯೂ ಅಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಭದ್ರತಾ ಅಪ್‌ಡೇಟ್, ರಿಕವರಿ ಪಾರ್ಟಿಷನ್ನಿನಲ್ಲಿ 250 ಮೆಗಾಬೈಟಿನಷ್ಟು ಖಾಲಿ ಜಾಗ ಇಲ್ಲದ ಅಸಂಖ್ಯ ಯಂತ್ರಗಳಲ್ಲಿ 80070643 ಎಂಬ ಅಂಕಿ ತೋರಿಸಿ ವಿಫಲವಾದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ತಮ್ಮ ಡಿಸ್ಕಿನಲ್ಲಿ ಅಂಥದ್ದೊಂದು ಪಾರ್ಟಿಷನ್ ಇದೆ ಎಂಬುದೇ ಬಹುಪಾಲು ಜನರಿಗೆ ತಿಳಿದದ್ದು ಆಗ.

ಮೇಷ್ಟ್ರ ಯಂತ್ರಕ್ಕೆ ಮರಳೋಣ. ರಿಕವರಿ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಟ್ಟದ್ದನ್ನು ಸರಿಪಡಿಸುವ ಕೆಲಸ ಅದಲ್ಲ. ಕಾರ್ಖಾನೆಯ ರಿಕವರಿ ಸಾಮಾನ್ಯವಾಗಿ ಮೊದಲು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡುತ್ತದೆ. ಆಮೇಲೆ ಇಮೇಜನ್ನು ಬಿಚ್ಚಿ ಅಲ್ಲಿ ಹರಡುತ್ತದೆ. ಅದು ನಡುವೆ ನಿಂತರೆ ಹಳೆಯ ವಿಂಡೋಸೂ ಇರುವುದಿಲ್ಲ, ಹೊಸದೂ ಇರುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ತ್ವರಿತ ಫಾರ್ಮ್ಯಾಟ್ ಹಳೆಯ ಕಡತಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ಕಡತಗಳಿದ್ದ ಜಾಗವನ್ನು ಒರೆಸುವುದಿಲ್ಲ. ಅದರ ಮೇಲೆ ಬೇರೇನಾದರೂ ಬರೆದ ಮೇಲೆಯೇ ಅವು ನಿಜವಾಗಿ ಹೋಗುವುದು. ಹೀಗಾಗಿ ನಾಲ್ಕು ಸಲ ರಿಕವರಿ ಒತ್ತಿದ್ದರಿಂದ ಮೇಷ್ಟ್ರಿಗೆ ಲಾಭವೇನೂ ಆಗಿರಲಿಲ್ಲ. ದಣಿದ ಡಿಸ್ಕನ್ನು ನಾಲ್ಕು ಸಲ ಓಡಿಸಿ, ಹಳೆಯ ಕಡತಗಳಿದ್ದ ಜಾಗದ ಮೇಲೆ ಒಂದಷ್ಟು ಬರೆಸಿದಂತಾಗಿತ್ತು, ಅಷ್ಟೇ.

ಈಗ 42ರ ವಿಷಯ. ಇಮೇಜು ಇರುವುದು ಸಾಮಾನ್ಯವಾಗಿ ವಿಮ್ ಎಂಬ ಸಂಕುಚಿತ ಕಡತದ ರೂಪದಲ್ಲಿ. ವಿಂಡೋಸ್ ವಿಸ್ಟಾದ ಕಾಲದಿಂದ ಅದೇ ರೂಢಿ. ಅದರೊಳಗಿನ ಪ್ರತಿ ಕಡತಕ್ಕೂ ಗಣಿತದಿಂದ ಪಡೆದ ಒಂದು ಗುರುತು ಇರುತ್ತದೆ. ಬಿಚ್ಚಿದಾಗ ಆ ಗುರುತು ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ಇಮೇಜನ್ನು ಡಿಸ್ಕಿನಿಂದ ಓದಬೇಕು, ರ್‍ಯಾಮಿನಲ್ಲಿ ಬಿಚ್ಚಬೇಕು, ಮತ್ತೆ ಡಿಸ್ಕಿಗೆ ಬರೆಯಬೇಕು. ಈ ಮೂರರಲ್ಲಿ ಎಲ್ಲಿ ಎಡವಿದರೂ ಪರದೆಯ ಮೇಲೆ ಬರುವ ಸಂದೇಶ ಹೆಚ್ಚುಕಡಿಮೆ ಒಂದೇ. ಆದರೆ ಎಡವುವ ರೀತಿ ಒಂದೇ ಅಲ್ಲ. ರ್‍ಯಾಮ್ ಕೆಟ್ಟಿದ್ದರೆ ಒಂದು ಸಲ 17ಕ್ಕೆ ನಿಲ್ಲುತ್ತದೆ, ಇನ್ನೊಂದು ಸಲ 63ಕ್ಕೆ, ಮತ್ತೊಮ್ಮೆ 30ಕ್ಕೆ. ಏಕೆಂದರೆ ಪ್ರತಿ ಸಲವೂ ದತ್ತಾಂಶ ರ್‍ಯಾಮಿನ ಬೇರೆ ಬೇರೆ ಜಾಗದಲ್ಲಿ ಬಂದು ಕೂರುತ್ತದೆ. ಫ್ಯಾನಿಗೆ ಧೂಳು ಮೆತ್ತಿಕೊಂಡು, ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಬಿಸಿಯೇರುತ್ತಿದ್ದರೆ ಯಂತ್ರ ನಿಧಾನವಾಗುತ್ತಾ ಹೋಗಿ ಥಟ್ಟನೆ ಆರಿಹೋಗುತ್ತದೆ. ಪ್ರತಿ ಸಲವೂ ಒಂದೇ ಅಂಕಿಗೆ ನಿಲ್ಲುತ್ತಿದ್ದರೆ ಮಾತ್ರ, ಡಿಸ್ಕಿನ ಒಂದು ನಿರ್ದಿಷ್ಟ ಜಾಗದಲ್ಲಿ ತೊಂದರೆಯಿದೆ ಎಂದು ಅನುಮಾನಿಸಬೇಕು.

ಆ ಜಾಗ ಓದುವ ಕಡೆಯದೋ, ಬರೆಯುವ ಕಡೆಯದೋ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಹಾರ್ಡ್ ಡಿಸ್ಕುಗಳಲ್ಲಿ ಒಂದಷ್ಟು ಸೆಕ್ಟರುಗಳನ್ನು ಮೀಸಲಾಗಿ ಇಟ್ಟಿರುತ್ತಾರೆ. ಕೆಟ್ಟ ಸೆಕ್ಟರಿಗೆ ಹೊಸದಾಗಿ ಬರೆಯಲು ಹೋದಾಗ ಡಿಸ್ಕು ಅದನ್ನು ಸದ್ದಿಲ್ಲದೆ ಕೈಬಿಟ್ಟು ಮೀಸಲಿನ ಸೆಕ್ಟರಿಗೆ ಬರೆದುಬಿಡುತ್ತದೆ. ನಮಗೆ ಏನೂ ತಿಳಿಯುವುದಿಲ್ಲ. ಓದುವಾಗ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಏನಿತ್ತು ಎಂಬುದೇ ಡಿಸ್ಕಿಗೆ ಗೊತ್ತಿಲ್ಲ. ಆದ್ದರಿಂದ ಒಂದೇ ಅಂಕಿಗೆ ನಿಲ್ಲುವ ರಿಕವರಿಯಲ್ಲಿ ದೋಷ ಬಹುಮಟ್ಟಿಗೆ ಇಮೇಜು ಇರುವ ಕಡೆಯೇ ಇರುತ್ತದೆ.

ಹಾರ್ಡ್ ಡಿಸ್ಕಿಗೆ ಹಾಕದೆಯೇ ನಡೆಯುವ ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಓದಿದೆ. ಆ ಪಟ್ಟಿಯಲ್ಲಿ ಸಾಲುಗಳು ಬಹಳ. ನಾನು ಮೊದಲು ನೋಡುವುದು ಎರಡನ್ನು. 5ನೆಯ ಸಾಲು, ಈಗಾಗಲೇ ಮೀಸಲಿಗೆ ವರ್ಗವಾದ ಸೆಕ್ಟರುಗಳ ಲೆಕ್ಕ. 197ನೆಯದು, ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳ ಲೆಕ್ಕ. ಮೇಷ್ಟ್ರ ಡಿಸ್ಕಿನಲ್ಲಿ 197ರ ಎದುರು 56 ಎಂದಿತ್ತು. 512 ಬೈಟಿನ 56 ಸೆಕ್ಟರುಗಳೆಂದರೆ 28 ಕಿಲೋಬೈಟ್. 320 ಗಿಗಾಬೈಟಿನ ಡಿಸ್ಕಿನಲ್ಲಿ, ಮೊಬೈಲಿನಲ್ಲಿ ತೆಗೆದ ಒಂದು ಫೋಟೊದ ಮೂಲೆಯಷ್ಟೂ ಇಲ್ಲದ ಜಾಗ ಇಡೀ ಕೆಲಸವನ್ನು ತಡೆದು ನಿಲ್ಲಿಸಿತ್ತು. ಡಿಸ್ಕಿಗೂ ಯಂತ್ರಕ್ಕೂ ನಡುವೆ ದತ್ತಾಂಶ ಸಾಗುವಾಗ ಆದ ತಪ್ಪುಗಳ ಲೆಕ್ಕವಿರುವ 199ನೆಯ ಸಾಲಿನ ಮೇಲೂ ಒಮ್ಮೆ ಕಣ್ಣಾಡಿಸಿ. ಅದು ಏರುತ್ತಿದ್ದರೆ ಡಿಸ್ಕಿಗಿಂತ ಅದರ ಕನೆಕ್ಟರಿನ ಮೇಲೆ ಅನುಮಾನಪಡುವುದು ಸರಿ.

ಇಷ್ಟು ತಿಳಿದ ಮೇಲೆ ಆ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯಬಾರದು. ವಿಂಡೋಸಿನ ಚೆಕ್‌ಡಿಸ್ಕನ್ನೂ ಓಡಿಸಬಾರದು. ಅದು ಕಡತ ವ್ಯವಸ್ಥೆಯನ್ನು ನೇರ್ಪುಗೊಳಿಸುವ ಭರದಲ್ಲಿ ಡಿಸ್ಕಿಗೆ ಬರೆಯುತ್ತದೆ. 1 ಟೆರಾಬೈಟಿನ ಹೊರ ಡಿಸ್ಕೊಂದನ್ನು ಜೋಡಿಸಿ, ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ತೆಗೆಯಲು ತೊಡಗಿದೆ. ಸಲೀಸಾಗಿ ಓದಲು ಬರುವ ಭಾಗಗಳನ್ನೆಲ್ಲ ಇದು ಮೊದಲು ಬಾಚಿಕೊಳ್ಳುತ್ತದೆ. ಮೊಂಡಾಟ ಮಾಡುವ ಜಾಗಗಳನ್ನು ಗುರುತು ಹಾಕಿ ಬಿಟ್ಟು ಮುಂದೆ ಹೋಗಿ, ಕೊನೆಗೆ ಅಲ್ಲಿಗೆ ಮರಳಿ ಸ್ವಲ್ಪಸ್ವಲ್ಪವೇ ಕೆರೆದು ನೋಡುತ್ತದೆ. ಏನೇನು ಓದಿಯಾಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದುಕೊಳ್ಳುತ್ತಿರುತ್ತದೆ. ಈ ನಕ್ಷೆಯ ಬೆಲೆ ನನಗೆ ಅಂದೇ ಗೊತ್ತಾಯಿತು: ಯುಎಸ್‌ಬಿ 2ರ ವೇಗದಲ್ಲಿ, ಸೆಕೆಂಡಿಗೆ 30 ಮೆಗಾಬೈಟಿನಂತೆ, ಮೂರು ಗಂಟೆಯ ಕೆಲಸ, ಎರಡನೆಯ ಗಂಟೆಯಲ್ಲಿ ಕರೆಂಟು ಹೋಯಿತು, ಯಂತ್ರದ ಬ್ಯಾಟರಿಯಂತೂ ಮೊದಲೇ ಸತ್ತಿತ್ತು. ಕರೆಂಟು ಬಂದ ಮೇಲೆ ಅದೇ ಆದೇಶವನ್ನು ಮತ್ತೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯಿತು. ಆದೇಶದಲ್ಲಿ ಮೂಲ ಡಿಸ್ಕಿನ ಹೆಸರು ಮೊದಲು, ಗುರಿಯ ಹೆಸರು ಆಮೇಲೆ ಬರಬೇಕು ಎಂಬುದನ್ನು ಎರಡೆರಡು ಸಲ ನೋಡಿಕೊಳ್ಳಿ. ಹಿಂದೊಮ್ಮೆ ನಾನು ಅದನ್ನು ಅದಲುಬದಲು ಮಾಡಿದ್ದೆ. ಹೋದದ್ದು ನನ್ನದೇ ಡಿಸ್ಕ್ ಆದ್ದರಿಂದ ಯಾರಿಗೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ಪ್ರತಿ ಮುಗಿದ ಮೇಲೆ ನಕ್ಷೆಯನ್ನು ಪಾರ್ಟಿಷನ್ನುಗಳ ವಿಳಾಸದೊಡನೆ ಹೋಲಿಸಿದಾಗ, ಓದಲಾಗದ ಜಾಗವೆಲ್ಲ ರಿಕವರಿ ಪಾರ್ಟಿಷನ್ನಿನ ಒಳಗೇ ಇತ್ತು. ಇನ್ನು ಮುಂದೆ ನನ್ನ ಕೆಲಸವೆಲ್ಲ ನಡೆದದ್ದು ಪ್ರತಿಯ ಮೇಲೆ. ಡಿ ಡ್ರೈವಿನ ಕಡತಗಳು ಹೆಸರು ಸಮೇತ ಸಿಕ್ಕವು. ಫಾರ್ಮ್ಯಾಟ್ ಆಗಿದ್ದ ಸಿ ಡ್ರೈವಿನಿಂದ, ಕಡತಗಳ ಒಳರಚನೆ ನೋಡಿ ಗುರುತಿಸುವ ಫೋಟೊರೆಕ್ ಎಂಬ ತಂತ್ರಾಂಶ ಬಹಳಷ್ಟು ಚಿತ್ರಗಳನ್ನೂ ದಾಖಲೆಗಳನ್ನೂ ಹೊರತೆಗೆಯಿತು. ಹೆಸರುಗಳು ಮಾತ್ರ ಹೋಗಿದ್ದವು, ಎಲ್ಲಕ್ಕೂ ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ. ಚಿಪ್ಪುಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿ ಆಗಿದ್ದರೆ ಇಷ್ಟೂ ಸಿಗುತ್ತಿರಲಿಲ್ಲವೇನೋ. ಈ ಜಾಗ ಇನ್ನು ಬೇಡ ಎಂದು ಸಿಸ್ಟಮ್ ತಿಳಿಸುವ ಟ್ರಿಮ್ ಆದೇಶ ಸಿಕ್ಕ ಮೇಲೆ ಅಳಿಸಿದ ಜಾಗವನ್ನು ಅದು ತಾನಾಗಿ ಖಾಲಿ ಮಾಡಿಕೊಳ್ಳುತ್ತದೆ.

ಆದರೆ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು. ರಿಕವರಿ ಏಕೆ ನಿಂತಿತು ಎಂಬುದು ತಿಳಿಯಿತು; ಮೊದಲು ನೀಲಿ ಪರದೆ ಬಂದದ್ದು ಏಕೆ? ಹಾಳಾದ ಸೆಕ್ಟರುಗಳು ರಿಕವರಿ ಪಾರ್ಟಿಷನ್ನಿನಲ್ಲಿದ್ದವು, ವಿಂಡೋಸ್ ಇದ್ದಲ್ಲಿ ಅಲ್ಲ. ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಆ ಪರದೆಯ ಫೋಟೊ ತೆಗೆದಿಟ್ಟಿದ್ದರು. ಗಿರಾಕಿಗಳಲ್ಲಿ ಇಂಥ ಬುದ್ಧಿ ಅಪರೂಪ. ಹಿಗ್ಗಿಸಿ ನೋಡಿದರೆ 7ಬಿ ಎಂದು ಕೊನೆಯಾಗುವ ಸಂಕೇತ: ಬೂಟ್ ಮಾಡಬೇಕಾದ ಡಿಸ್ಕನ್ನು ವಿಂಡೋಸ್ ತಲುಪಲಾಗುತ್ತಿಲ್ಲ ಎಂದರ್ಥ. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್ ತೆರೆದೆ. ಗಡಿಯಾರ 2009ರ ಜನವರಿ 1 ಎಂದು ತೋರಿಸುತ್ತಿತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಸಿಆರ್2032 ಎಂಬ 3 ವೋಲ್ಟಿನ ಸೆಲ್ ಇರುತ್ತದೆಯಲ್ಲ, ಅದು ಸತ್ತಿತ್ತು. ದೊಡ್ಡ ಬ್ಯಾಟರಿ ಸರಿಯಿದ್ದಾಗ ಇದರ ಮೇಲೆ ಭಾರ ಬೀಳುವುದು ಕಡಿಮೆ. ಬ್ಯಾಟರಿಯಿಲ್ಲದೆ, ರಾತ್ರಿ ಪ್ಲಗ್ ಕಿತ್ತಿಡುವ ಯಂತ್ರದಲ್ಲಿ ಗಡಿಯಾರವನ್ನು ನಡೆಸುವ ಹೊಣೆಯೆಲ್ಲ ಇದರದೇ. ಸೆಲ್ ಸತ್ತಾಗ ಬಯೋಸಿನ ಆಯ್ಕೆಗಳೂ ಕೆಲವು ಯಂತ್ರಗಳಲ್ಲಿ ಮೂಲಸ್ಥಿತಿಗೆ ಮರಳುತ್ತವೆ. ಮೇಷ್ಟ್ರನ್ನು ಕೆದಕಿ ಕೇಳಿದಾಗ, ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ "ಸೆಟ್ಟಿಂಗ್ ಏನೋ ಬದಲಾಯಿಸಿ" ವಿಂಡೋಸನ್ನು ಹೊಸದಾಗಿ ಹಾಕಿಸಿದ್ದಾಗಿ ಹೇಳಿದರು. ಯಂತ್ರ ಡಿಸ್ಕಿನೊಡನೆ ಮಾತಾಡುವ ಕ್ರಮಗಳಲ್ಲಿ ಐಡಿಇ ಹಳೆಯದು, ಎಎಚ್‌ಸಿಐ ಹೊಸದು. ಆಗ ಡಿಸ್ಕಿನ ಮೋಡನ್ನು ಐಡಿಇಗೆ ಇಟ್ಟಿರಬೇಕು. ಸೆಲ್ ಸತ್ತು ಅದು ಎಎಚ್‌ಸಿಐಗೆ ಮರಳಿತು. ಅನುಸ್ಥಾಪನೆಯ ವೇಳೆ ಬೇಡವೆಂದು ಪಕ್ಕಕ್ಕಿಟ್ಟಿದ್ದ ಎಎಚ್‌ಸಿಐ ಡ್ರೈವರನ್ನು ವಿಂಡೋಸ್ 7 ಬೂಟಿನ ಹೊತ್ತಿಗೆ ಎತ್ತಿಕೊಳ್ಳಲಿಲ್ಲ. ನೀಲಿ ಪರದೆ ಬಂತು. ಬಯೋಸಿನಲ್ಲಿ ಒಂದು ಸಾಲನ್ನು ಬದಲಾಯಿಸಿದ್ದರೆ ಯಂತ್ರ ಎಂದಿನಂತೆ ಎದ್ದು ನಿಲ್ಲುತ್ತಿತ್ತು. ರಿಕವರಿಯೇ ಬೇಕಿರಲಿಲ್ಲ. ಇದನ್ನು ಮೇಷ್ಟ್ರಿಗೆ ಹೇಳಲೋ ಬೇಡವೋ ಎಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ, ಕೊನೆಗೆ ಹೇಳಿದೆ.

ರಿಕವರಿ ನೂರಕ್ಕೆ ನೂರು ಮುಗಿದೂ ಯಂತ್ರ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಅದು ಬೇರೆಯೇ ಜಾತಿಯ ತೊಂದರೆ. ಅಲ್ಲಿ ಮೊದಲು ಬಯೋಸಿನ ಡಿಸ್ಕ್ ಮೋಡನ್ನೂ, ಸರಿಯಾದ ಪಾರ್ಟಿಷನ್ 'ಆ್ಯಕ್ಟಿವ್' ಎಂದು ಗುರುತಾಗಿದೆಯೇ ಎಂಬುದನ್ನೂ ನೋಡಿ, ಆಮೇಲೆ ಬೂಟ್ ದಾಖಲೆಯನ್ನು ಸರಿಪಡಿಸುವ ಬೂಟ್‌ರೆಕ್ ಆದೇಶಗಳಿಗೆ ಹೋಗಬಹುದು. ಎಫ್11 ಒತ್ತಿದರೂ ಏನೂ ಆಗದಿದ್ದರೆ, ಯಾರೋ ಹಿಂದೆ ಬೇರೆ ಸಿಸ್ಟಮ್ ಹಾಕುವಾಗ ತಯಾರಕರ ಬೂಟ್ ದಾಖಲೆಯನ್ನು ಅಳಿಸಿರುವ ಸಾಧ್ಯತೆ ಹೆಚ್ಚು; ಪಾರ್ಟಿಷನ್ ಮಾತ್ರ ಅಲ್ಲಿಯೇ ಇರಬಹುದು. ಚಿಕ್ಕ ಎಸ್‌ಎಸ್‌ಡಿಗೆ ರಿಕವರಿ ಮಾಡಲು ಹೋದಾಗಲೂ ಎಡವಟ್ಟಾಗುವುದುಂಟು. ಮೇಷ್ಟ್ರ ಯಂತ್ರಕ್ಕೆ ನಾನೂ ಬೆಂಗಳೂರಿನ ಎಸ್.ಪಿ. ರೋಡಿನಿಂದ 240 ಗಿಗಾಬೈಟಿನದನ್ನು ತಂದಿದ್ದೆ. ಹಲವು ತಯಾರಕರ ರಿಕವರಿ ತಂತ್ರಾಂಶಗಳು ಮೂಲ ಡಿಸ್ಕಿನಷ್ಟಾದರೂ ದೊಡ್ಡದಲ್ಲದ ಡಿಸ್ಕನ್ನು, ಒಳಗೆ ಎಷ್ಟೇ ಜಾಗವಿರಲಿ, ಒಪ್ಪುವುದೇ ಇಲ್ಲ.

ಹಾಗಾದರೆ ಮೇಷ್ಟ್ರ ಯಂತ್ರಕ್ಕೆ ಏನು ಹಾಕುವುದು? ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಆ ಕಾಲದ ಯಂತ್ರದಲ್ಲಿಲ್ಲ. ಅಡ್ಡದಾರಿಗಳಿವೆ, ಆದರೆ ಬ್ಯಾಂಕಿನ ವ್ಯವಹಾರವನ್ನೂ ಇದರಲ್ಲೇ ಮಾಡುವ ಹಿರಿಯರಿಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಹೊಸ ಸೆಲ್ ಕೂರಿಸಿದೆ, ಗಡಿಯಾರವನ್ನು ಸರಿಪಡಿಸಿದೆ. ತಾರೀಖು ಹಿಂದಿದ್ದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳು ಹೊಂದದೆ ಬ್ರೌಸರು ತಕರಾರು ಮಾಡುತ್ತದೆ.

ಕಡತಗಳನ್ನು ತೆರೆದಾಗ ಮೇಷ್ಟ್ರು ಬೆಚ್ಚಿಬಿದ್ದರು. ಇಪ್ಪತ್ತು ವರ್ಷಗಳಿಂದ ಬರೆದ ಲೇಖನಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿದ್ದವು. ಕಡತ ಹಾಳಾಗಿರಲಿಲ್ಲ. ಅವರು ಬರೆದದ್ದು ಯೂನಿಕೋಡಿಗೆ ಹಿಂದಿನ ನುಡಿ ಫಾಂಟಿನಲ್ಲಿ. ಅಲ್ಲಿ ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ, ಫಾಂಟು ಇಲ್ಲದಿದ್ದರೆ ಅಡಿಯಲ್ಲಿರುವ ಸಂಕೇತಗಳಷ್ಟೇ ಕಾಣುತ್ತವೆ. ಫಾಂಟಿನ ಕಡತವೂ ಹಳೆಯ ಡಿಸ್ಕಿನ ಪ್ರತಿಯಲ್ಲಿತ್ತು. ಹಾಕಿದೊಡನೆ ಅಕ್ಷರಗಳು ಮೂಡಿದವು. ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ತಂದೆವು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಉಳಿದ ತಪ್ಪುಗಳನ್ನು ಮೇಷ್ಟ್ರೇ ಕುಳಿತು ತಿದ್ದುತ್ತಿದ್ದಾರೆ.

ಅವರ ಒಪ್ಪಿಗೆ ಪಡೆದು, ಕಡತಗಳನ್ನು ಅಳಿಸಿದ ಆ ಹಳೆಯ ಡಿಸ್ಕನ್ನು ಇಲ್ಲಿಗೆ ತಂದಿದ್ದೇನೆ. ಪೂರ್ತಿ ಡಿಸ್ಕಿನ ಮೇಲೆ ಸೊನ್ನೆ ಬರೆದ ಮೇಲೆ 197ರ ಎದುರಿನ 56 ಏನಾಗಿದೆ, 5ರ ಎದುರು ಈಗ ಎಷ್ಟಿದೆ ಎಂಬುದನ್ನು ಪರದೆಯ ಮೇಲೆ ನೋಡೋಣ. ಮುಂದಿನ ಸಾಲಿನವರು ದಯವಿಟ್ಟು ಆ ಕೇಬಲನ್ನು ಇತ್ತ ಕೊಡಿ.